ಮಾನವಕೃತ ವಿಪತ್ತು ಮತ್ತು ಊರಿನ ಬಾಳು : ಎಂಡೋಸಲ್ಫಾನ್ ಪ್ರಕರಣದ ಒಂದು ಅಭ್ಯಾಸ



ಬರಗಾಲ, ಅತಿವೃಷ್ಟಿ, ಕೊಳವೆ ಬಾವಿ ಬತ್ತುವುದು ಇವು ನಮ್ಮ ತುಮಕೂರು ಸೀಮೆಗೆ ಹೊಸದಲ್ಲ. ತೋಟ ಒಣಗಿದಾಗ ಟ್ಯಾಂಕರಿನಲ್ಲಿ ನೀರು ತರಿಸಿ ಅಡಿಕೆ ಮರ ಉಳಿಸಿಕೊಂಡವರು, ಉಳಿಸಿಕೊಳ್ಳಲಾಗದೆ ಕಡಿದು ಹಾಕಿದವರು, ಇಬ್ಬರೂ ನಮ್ಮ ಸದಸ್ಯರಲ್ಲಿದ್ದಾರೆ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಮಳೆ ಹೋದದ್ದು ಯಾರ ತಪ್ಪೆಂದು ತೀರ್ಮಾನಿಸಲು ಯಾರೂ ಪಂಚಾಯಿತಿ ಸೇರಿಸುವುದಿಲ್ಲ. ನನ್ನ ತೋಟವೂ ಒಣಗಿದೆ, ಪಕ್ಕದವನ ತೋಟವೂ ಒಣಗಿದೆ ಎಂಬ ಸಮಾಧಾನವೊಂದು ಇರುತ್ತದೆ. ಮುಂದಿನ ವರ್ಷ ಕೆರೆ ಕೋಡಿ ಬಿದ್ದರೆ ಊರು ಪೂಜೆ ಮಾಡಿ, ಹಳೆಯದನ್ನು ಮರೆಯುತ್ತದೆ.

ಮನುಷ್ಯನ ಕೈಯಿಂದಲೇ ಆದ ವಿಪತ್ತು ಹೀಗೆ ಮುಗಿಯುವುದಿಲ್ಲ. ಅಲ್ಲಿ ಮೊದಲ ಪ್ರಶ್ನೆಯೇ, ಮಾಡಿದವರು ಯಾರು ಎಂಬುದು. ಎರಡನೆಯದು, ನಿಮಗೆ ಆದದ್ದು ಇದರಿಂದಲೇ ಎಂಬುದಕ್ಕೆ ಸಾಕ್ಷಿ ಏನು ಎಂಬುದು. ಮೂರನೆಯದು, ಪರಿಹಾರದ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂಬುದು. ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲೇ ಒಂದು ತಲೆಮಾರು ಕಳೆದುಹೋಗುತ್ತದೆ. ಅಷ್ಟರಲ್ಲಿ ಊರಿನವರು ಒಬ್ಬರನ್ನೊಬ್ಬರು ನಂಬುವುದನ್ನು ಬಿಟ್ಟಿರುತ್ತಾರೆ. ವಿಷದಿಂದ ಆದ ಹಾನಿಗಿಂತ ಈ ಹಾನಿ ಕಡಿಮೆಯದಲ್ಲ, ಮತ್ತು ಇದಕ್ಕೆ ಮದ್ದು ಇನ್ನೂ ಕಷ್ಟ ಎಂಬುದು ನಮ್ಮ ಅಭಿಪ್ರಾಯ.

ಕೀಟನಾಶಕಗಳ ವಿಚಾರ ಸಂಘದ ಸಭೆಯಲ್ಲಿ ಬಂದಾಗಲೆಲ್ಲ, ಎಂಡೋಸಲ್ಫಾನ್ ಚೆನ್ನಾಗಿ ಕೆಲಸ ಮಾಡುತ್ತಿತ್ತಲ್ಲ, ಅದನ್ನೇಕೆ ನಿಲ್ಲಿಸಿದರು ಎಂದು ಹಿರಿಯ ಸದಸ್ಯರು ಕೇಳುವುದುಂಟು. ಪ್ರಶ್ನೆ ಸಹಜವಾದದ್ದೇ. ತೊಗರಿಯ ಕಾಯಿಕೊರಕಕ್ಕೆ ನಮ್ಮ ಜಿಲ್ಲೆಯ ರೈತರು ಅದನ್ನು ಧಾರಾಳವಾಗಿ ಬಳಸಿದರು. ೧೯೯೦ರಲ್ಲಿ ನೀಲಗಿರಿಯ ಗೂಡಲೂರು ಕಡೆ ಕಾಫಿ ಕಾಯಿಕೊರಕ ಕಾಣಿಸಿಕೊಂಡು ಮುಂದೆ ಕೊಡಗಿಗೆ ಹಬ್ಬಿದಾಗ, ಕಾಫಿ ಬೆಳೆಗಾರರಿಗೆ ಶಿಫಾರಸಾದ ಔಷಧಿಯೂ ಇದೇ. (ವಿಷವನ್ನು ನಾವೆಲ್ಲರೂ 'ಔಷಧಿ' ಎಂದೇ ಕರೆಯುತ್ತೇವೆ. ಈ ಅಭ್ಯಾಸ ಯಾವಾಗ ಬಂತೋ, ಒಳ್ಳೆಯದೇನೂ ಮಾಡಿಲ್ಲ.) ಆದ್ದರಿಂದ ಈ ಪ್ರಶ್ನೆಗೆ ಎರಡು ಮಾತಿನ ಉತ್ತರ ಕೊಡದೆ, ಆದದ್ದೇನೆಂಬುದನ್ನು ಪೂರ್ತಿಯಾಗಿ ತಿಳಿಯೋಣ. ಆದದ್ದು ನಮ್ಮಂಥ ಅಡಿಕೆ ಬೆಳೆಗಾರರ ಊರುಗಳಲ್ಲಿ, ಕನ್ನಡ ಮಾತನಾಡುವ ಮನೆಗಳಲ್ಲಿ.

ಗುಡ್ಡದ ಮೇಲೆ ಗೇರು, ಕೆಳಗೆ ಅಡಿಕೆ

ಕಾಸರಗೋಡು ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿತು. ಅದರ ಉತ್ತರ ಭಾಗದ ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕ ಮುಂತಾದ ಪಂಚಾಯಿತಿಗಳಲ್ಲಿ ಕನ್ನಡ, ತುಳು ಮಾತನಾಡುವವರು ಬಹಳ. ನಮ್ಮ ಬಯಲು ಸೀಮೆಯ ನೆಲದಂತಲ್ಲ ಅಲ್ಲಿನದು. ಮುರಕಲ್ಲಿನ ಗುಡ್ಡಗಳು, ಅವುಗಳ ನಡುವೆ ಕಿರಿದಾದ ಕಣಿವೆ, ಕಣಿವೆಯಲ್ಲಿ ಅಡಿಕೆ ತೋಟ ಮತ್ತು ಮನೆ. ನೀರಿಗೆ ಕೆರೆ, ಬಾವಿಗಳಲ್ಲದೆ ಸುರಂಗಗಳೂ ಇವೆ. ಗುಡ್ಡದ ಮಗ್ಗುಲಿಗೆ ಅಡ್ಡಲಾಗಿ ಒಳಕ್ಕೆ ಕೊರೆದ ದಾರಿಯಲ್ಲಿ ಒಸರುವ ನೀರು ತಾನಾಗಿಯೇ ಹೊರಗೆ ಹರಿದು ಬರುತ್ತದೆ. ಕರೆಂಟು ಬೇಡ, ಪಂಪು ಬೇಡ. ನೀರೆತ್ತಲು ಸಾವಿರ ಅಡಿ ಕೊರೆಸುವ ನಮಗೆ ಅಸೂಯೆ ಹುಟ್ಟಿಸುವ ವ್ಯವಸ್ಥೆ ಅದು. ಆದರೆ ಗುಡ್ಡದ ನೆತ್ತಿಯ ಮೇಲೆ ಬಿದ್ದದ್ದೆಲ್ಲ ಒಂದಲ್ಲ ಒಂದು ದಿನ ಕೆಳಗಿನ ಮನೆಯ ಕೊಡಕ್ಕೆ ಇಳಿಯುತ್ತದೆ ಎಂಬುದೂ ಇದರಿಂದ ಸ್ಪಷ್ಟ.

ಆ ಗುಡ್ಡಗಳ ನೆತ್ತಿಯ ಮೇಲೆ ಕೇರಳ ಸರ್ಕಾರದ ಕೃಷಿ ಇಲಾಖೆ ೧೯೬೦ರ ದಶಕದಲ್ಲಿ ಗೇರು, ಎಂದರೆ ನಾವು ಗೋಡಂಬಿ ಎನ್ನುವ ಗಿಡ ನೆಡಿಸಿತು. ೧೯೭೮ರಲ್ಲಿ ತೋಟಗಳು ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ ಎಂಬ ಸರ್ಕಾರಿ ನಿಗಮದ ಕೈಗೆ ಬಂದವು. ಹನ್ನೊಂದು ಪಂಚಾಯಿತಿಗಳಲ್ಲಿ ಹರಡಿದ ಈ ತೋಟಗಳ ವಿಸ್ತೀರ್ಣ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಹೆಚ್ಚು. ಗೇರಿಗೆ ಟೀ ಸೊಳ್ಳೆ ಎಂಬ ತಿಗಣೆ ಜಾತಿಯ ಕೀಟದ ಕಾಟ. ಚಿಗುರನ್ನೂ ಹೂಗೊಂಚಲನ್ನೂ ಹೀರಿ ಸುಟ್ಟಂತೆ ಮಾಡುತ್ತದೆ. ಅಷ್ಟು ದೊಡ್ಡ ಪ್ರದೇಶಕ್ಕೆ ಕೈ ಪಂಪಿನಿಂದ ಹೊಡೆಯುವುದು ದುಬಾರಿಯೆಂದು ನಿಗಮವು ೧೯೭೦ರ ದಶಕದ ಕೊನೆಯಿಂದ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸತೊಡಗಿತು. ಚಿಗುರು ಮತ್ತು ಹೂವಿನ ಕಾಲದಲ್ಲಿ ವರ್ಷಕ್ಕೆ ಎರಡು ಮೂರು ಸಲದಂತೆ, ೨೦೦೦ದ ಡಿಸೆಂಬರ್‌ವರೆಗೆ ಇದು ನಡೆಯಿತು.

ಎಂಡೋಸಲ್ಫಾನ್ ಕ್ಲೋರಿನ್ ವರ್ಗದ ಕೀಟನಾಶಕ, ನರಮಂಡಲಕ್ಕೆ ತಗಲುವಂಥದು. ಮಣ್ಣಿನಲ್ಲಿ ಒಡೆದ ಮೇಲೂ ಎಂಡೋಸಲ್ಫಾನ್ ಸಲ್ಫೇಟ್ ಎಂಬ ರೂಪದಲ್ಲಿ ಅದರ ವಿಷ ಉಳಿದಿರುತ್ತದೆ. ನೀರಿಗಿಂತ ಕೊಬ್ಬಿನಲ್ಲಿ ಸುಲಭವಾಗಿ ಸೇರುವುದರಿಂದ ಹಾಲು, ಮಾಂಸಗಳ ಮೂಲಕ ದೇಹಕ್ಕೆ ಬರುತ್ತದೆ. ಸಮತಟ್ಟಾದ ನೆಲದ ಮೇಲೆ ಗಿಡದ ನೆತ್ತಿಗೆ ಹತ್ತಿರದಲ್ಲಿ ಹಾರಿ ಸಿಂಪಡಿಸಬೇಕಾದದ್ದನ್ನು ಏರುತಗ್ಗಿನ ಗುಡ್ಡಗಳ ಮೇಲೆ ಎತ್ತರದಿಂದ ಸಿಂಪಡಿಸಿದಾಗ ಗಾಳಿ ಅದನ್ನು ತೋಟದ ಗಡಿಯೊಳಗೆ ಇಟ್ಟುಕೊಳ್ಳಲಿಲ್ಲ. ಬಾವಿ, ಕೆರೆಗಳನ್ನು ಮುಚ್ಚಿಕೊಳ್ಳಿರೆಂದು ಜನರಿಗೆ ಹೇಳಿದರಾಯಿತು ಎಂಬಂತಿತ್ತು ವ್ಯವಸ್ಥೆ. ಹರಿಯುವ ತೋಡನ್ನೂ ಸುರಂಗವನ್ನೂ ಮುಚ್ಚುವುದು ಹೇಗೆ?

ಮೊದಲು ಕಂಡದ್ದು ಕೊಟ್ಟಿಗೆಯಲ್ಲಿ. ಜೇನು ಕಡಿಮೆಯಾಯಿತು, ಮೀನು ಸತ್ತು ತೇಲಿತು, ಅಂಗವಿಕಲ ಕರುಗಳು ಹುಟ್ಟಿದವು. ಪಡ್ರೆ ಗ್ರಾಮದ ಕೃಷಿಕ, ಪತ್ರಕರ್ತ ಶ್ರೀ ಪಡ್ರೆಯವರು ೧೯೮೦ರ ದಶಕದ ಆರಂಭದಲ್ಲೇ ಈ ಬಗ್ಗೆ ಬರೆದರು. ೧೯೮೮ರಿಂದ ಪುತ್ತೂರಿನಿಂದ ಹೊರಡುತ್ತಿರುವ 'ಅಡಿಕೆ ಪತ್ರಿಕೆ'ಯ ಸಂಪಾದಕರೆಂದು ನಮ್ಮ ಓದುಗರಿಗೆ ಅವರ ಹೆಸರು ಪರಿಚಿತ. ವಾಣೀನಗರದಲ್ಲಿ ವೃತ್ತಿ ಮಾಡುತ್ತಿದ್ದ ವೈದ್ಯ ಡಾ. ಮೋಹನ ಕುಮಾರ್ ಅವರು ತಮ್ಮ ಬಳಿ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದ ಬಂದ ಅಂಗವಿಕಲತೆ, ಕ್ಯಾನ್ಸರ್ ಇವು ಒಂದೇ ಕಡೆ ಇಷ್ಟೇಕೆ ಎಂದು ಯೋಚಿಸತೊಡಗಿದರು. ಪೆರಿಯದ ಕಡೆ ಕೃಷಿ ಇಲಾಖೆಯ ನೌಕರರೇ ಆದ ಲೀಲಾಕುಮಾರಿ ಅಮ್ಮ ಎಂಬವರು ೧೯೯೮ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯಕ್ಕೆ ಹೋಗಿ ವೈಮಾನಿಕ ಸಿಂಪರಣೆಗೆ ತಡೆಯಾಜ್ಞೆ ತಂದರು. ಇಲಾಖೆಯ ಕೆಲಸದಲ್ಲಿದ್ದುಕೊಂಡೇ ಸರ್ಕಾರಿ ನಿಗಮದ ಎದುರು ದಾವೆ ಹೂಡುವುದು ಎಂಥ ಎದೆಗಾರಿಕೆ ಎಂಬುದು ಸರ್ಕಾರಿ ನೌಕರಿ ಮಾಡಿದವರಿಗೆ ಗೊತ್ತಾದೀತು.

ಸಾಕ್ಷಿ ಕೇಳುವುದರಲ್ಲೇ ಕಳೆದ ಕಾಲ

ಈಗ ನಾವು ಲೇಖನದ ಮುಖ್ಯ ವಿಷಯಕ್ಕೆ ಬರುತ್ತೇವೆ. ಸಿಂಪರಣೆ ನಿಂತಿತು, ಆದರೆ ವಿಪತ್ತು ನಿಲ್ಲಲಿಲ್ಲ. ಏಕೆ?

ಮೊದಲ ಕಾರಣ, ಪರೀಕ್ಷೆಗಳು ಒಂದಕ್ಕೊಂದು ಹೊಂದಲಿಲ್ಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ೨೦೦೧ರಲ್ಲಿ ಪಡ್ರೆಯ ನೀರು, ಮಣ್ಣು, ರಕ್ತ ಮುಂತಾದವನ್ನು ಪರೀಕ್ಷಿಸಿ ಎಂಡೋಸಲ್ಫಾನ್ ಅಂಶ ವಿಪರೀತ ಎಂದಿತು. ನಿಗಮದ ಪರವಾಗಿ ನಡೆದ ಇನ್ನೊಂದು ಪರೀಕ್ಷೆ ಹಾಗೇನೂ ಇಲ್ಲವೆಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಪಡ್ರೆಯ ಮಕ್ಕಳನ್ನು, ಸಿಂಪರಣೆ ನಡೆಯದ ಮೀಂಜ ಪಂಚಾಯಿತಿಯ ಮಕ್ಕಳೊಂದಿಗೆ ಹೋಲಿಸಿ ನೋಡಿತು. ಕಲಿಕೆಯ ತೊಂದರೆ, ಹುಟ್ಟಿನ ನ್ಯೂನತೆಗಳು ಪಡ್ರೆಯಲ್ಲಿ ಹೆಚ್ಚೆಂದು ಕಂಡಿತು. ೨೦೦೩ರಲ್ಲಿ ಪ್ರಕಟವಾದ ಇದೇ ಸಂಸ್ಥೆಯ ಪ್ರಬಂಧದಲ್ಲಿ ಪಡ್ರೆಯ ೧೧೭ ಗಂಡುಮಕ್ಕಳನ್ನು ಬೇರೆಡೆಯ ೯೦ ಗಂಡುಮಕ್ಕಳೊಡನೆ ಹೋಲಿಸಿ, ಪಡ್ರೆಯವರು ಪ್ರಾಯಕ್ಕೆ ಬರುವುದು ತಡವಾಗಿದೆ ಎಂದು ತೋರಿಸಲಾಗಿದೆ. ಅದೇ ವರ್ಷ ಕೇಂದ್ರ ಸರ್ಕಾರದ ದುಬೆ ಸಮಿತಿಯು ರೋಗಗಳಿಗೂ ಎಂಡೋಸಲ್ಫಾನಿಗೂ ಸಂಬಂಧ ಸಿದ್ಧವಾಗಿಲ್ಲವೆಂದು ಹೇಳಿತು. ಇಂದಿಗೂ ಕೆಲವು ಕೃಷಿ ವಿಜ್ಞಾನಿಗಳು, ಇಷ್ಟೆಲ್ಲ ರೋಗಗಳಿಗೆ ಒಂದೇ ಕಾರಣ ಹೇಳುವುದು ಸರಿಯಲ್ಲ ಎಂದು ವಾದಿಸುತ್ತಾರೆ.

ಈ ವಾದವನ್ನು ಪೂರ್ತಿ ತಳ್ಳಿಹಾಕಲು ಕಷ್ಟವಾಗುವುದು ಒಂದೇ ಕಾರಣದಿಂದ. ಸಿಂಪರಣೆ ಶುರುವಾಗುವ ಮೊದಲು ಆ ಊರುಗಳ ಆರೋಗ್ಯ ಹೇಗಿತ್ತೆಂದು ಯಾರೂ ಬರೆದಿಟ್ಟಿರಲಿಲ್ಲ. ಇಪ್ಪತ್ತು ವರ್ಷ ಸಿಂಪಡಿಸುವಾಗಲೂ ಬರೆದಿಡಲಿಲ್ಲ. ದಾಖಲೆ ಇಡಬೇಕಾದವರು ಸಿಂಪಡಿಸಿದವರು, ದಾಖಲೆ ಇಲ್ಲದ್ದರ ಫಲ ಉಣ್ಣಬೇಕಾದವರು ಸಿಂಪಡಿಸಿಕೊಂಡವರು. ನಮ್ಮ ದೃಷ್ಟಿಯಲ್ಲಿ ಇಡೀ ಪ್ರಕರಣದ ದೊಡ್ಡ ಅನ್ಯಾಯ ಇಲ್ಲಿದೆ.

ಇದರ ಪರಿಣಾಮ ಊರಿನ ಮನಸ್ಸಿನ ಮೇಲೆ ಏನಾಯಿತು ನೋಡಿ. ಮೊದಮೊದಲು ಇದೆಲ್ಲ ದೈವದ ಮುನಿಸೆಂದು ನಂಬಿ ಹರಕೆ ಹೊತ್ತವರಿದ್ದರು. ಆಮೇಲೆ ವಿಷವೆಂದು ಗೊತ್ತಾಯಿತು. ಗೊತ್ತಾದ ಮೇಲೆ, ಅಲ್ಲವೆಂದು ಹೇಳುವ ಅಧಿಕಾರಿಗಳು ಬಂದರು. ರಕ್ತ ಕೊಡಿರೆಂದು ಒಂದು ತಂಡ, ಮಗುವನ್ನು ತೋರಿಸಿರೆಂದು ಇನ್ನೊಂದು ತಂಡ, ಫೋಟೋ ತೆಗೆಯಲು ಮತ್ತೊಂದು ತಂಡ. ಪ್ರತಿ ಸಲವೂ ತಾಯಿ ಮಗುವನ್ನು ಎತ್ತಿಕೊಂಡು ಹೋಗಿ ತೋರಿಸಬೇಕು, ಮೊದಲಿನಿಂದ ಕಥೆ ಹೇಳಬೇಕು. ಹೀಗೆ ಹತ್ತು ಸಲ ಹೇಳಿದವರು ಹನ್ನೊಂದನೆಯ ಸಲ ಬಂದವರನ್ನು, ಒಳ್ಳೆಯ ಉದ್ದೇಶದಿಂದಲೇ ಬಂದಿದ್ದರೂ, ನಂಬಲಾರರು.

ಹೊರಗಿನ ಒಂದು ನಿದರ್ಶನ ಇಲ್ಲಿ ಉಪಯುಕ್ತ. ಜಪಾನಿನ ಮಿನಮಾಟ ಎಂಬ ಕಡಲತೀರದ ಊರಿನಲ್ಲಿ ಚಿಸ್ಸೋ ಎಂಬ ರಾಸಾಯನಿಕ ಕಂಪನಿ ಪಾದರಸಯುಕ್ತ ಕೊಳೆನೀರನ್ನು ಕೊಲ್ಲಿಗೆ ಬಿಡುತ್ತಿತ್ತು. ಮೀನು ತಿಂದ ಬೆಸ್ತರ ಮನೆಗಳಲ್ಲಿ ಕೈಕಾಲು ನಡುಗುವ, ಮಾತು ತೊದಲುವ ರೋಗ ಬಂತು. ರೋಗ ಅಧಿಕೃತವಾಗಿ ವರದಿಯಾದದ್ದು ೧೯೫೬ರ ಮೇ ತಿಂಗಳಲ್ಲಿ. ಕಾರಣ ಕಂಪನಿಯ ಪಾದರಸವೇ ಎಂದು ಸರ್ಕಾರ ಒಪ್ಪಿದ್ದು ೧೯೬೮ರಲ್ಲಿ. ನಡುವೆ ೧೯೫೯ರಲ್ಲಿ ಕಂಪನಿ ರೋಗಿಗಳಿಗೆ ಸಾಂತ್ವನದ ಹಣವೆಂದು ಅಷ್ಟಿಷ್ಟು ಕೊಟ್ಟು, ಮುಂದೆ ಕಾರಣ ನಾವೇ ಎಂದು ಸಿದ್ಧವಾದರೂ ಹೆಚ್ಚು ಕೇಳುವಂತಿಲ್ಲ ಎಂದು ಬರೆಸಿಕೊಂಡಿತು. ೧೯೭೩ರಲ್ಲಿ ನ್ಯಾಯಾಲಯ ಆ ಕರಾರನ್ನು ರದ್ದು ಮಾಡಿತು. ಆದರೆ ಊರಿನಲ್ಲಿ ಅರ್ಧದಷ್ಟು ಜನಕ್ಕೆ ಅನ್ನ ಕೊಡುತ್ತಿದ್ದುದು ಆ ಕಂಪನಿಯೇ ಎಂಬಂತಿತ್ತು. ರೋಗಿಗಳು ಊರಿನ ಹೆಸರು ಕೆಡಿಸುತ್ತಾರೆ, ಕಾರ್ಖಾನೆ ಮುಚ್ಚಿಸುತ್ತಾರೆ ಎಂದು ನೆರೆಯವರೇ ಅವರನ್ನು ದೂರವಿಟ್ಟರು. ಯಾರು ನಿಜವಾದ ರೋಗಿ, ಯಾರು ಅಲ್ಲ ಎಂಬ ದೃಢೀಕರಣದ ವ್ಯಾಜ್ಯ ಐವತ್ತು ವರ್ಷ ದಾಟಿದರೂ ಮುಗಿಯಲಿಲ್ಲ.

ಕಾಸರಗೋಡಿನಲ್ಲೂ ಗುಡ್ಡದ ಗೇರು ತೋಟ ಅನೇಕ ಬಡವರಿಗೆ ಕೂಲಿ ಕೊಡುತ್ತಿತ್ತು. ಔಷಧಿ ಕಲಸಿದವರು, ಡ್ರಮ್ ಹೊತ್ತವರು ಅವರೇ. ಸಿಂಪರಣೆ ನಿಲ್ಲಿಸಿ ಎಂದವರು ಅವರ ಕಣ್ಣಿಗೆ ಕೂಲಿ ತಪ್ಪಿಸುವವರಂತೆ ಕಂಡದ್ದು ಆಶ್ಚರ್ಯವಲ್ಲ. ವಿಷ ಉಂಡವನೂ ವಿಷ ಹೊಡೆಯುವ ಕೆಲಸ ಉಳಿಯಲಿ ಎನ್ನುವವನೂ ಒಂದೇ ಮನೆಯಲ್ಲಿರಬಹುದು. ಬರಗಾಲದಲ್ಲಿ ಇಂಥ ಇಕ್ಕಟ್ಟು ಬರುವುದಿಲ್ಲ.

ಪಟ್ಟಿ

ಪರಿಹಾರ ಬರುವುದು ಒಳ್ಳೆಯದು. ಆದರೆ ಪರಿಹಾರಕ್ಕೆ ಪಟ್ಟಿ ಬೇಕು, ಪಟ್ಟಿಗೆ ಗಡಿ ಬೇಕು. ನಮ್ಮ ಸಂಘದಲ್ಲಿ ಬರ ಪರಿಹಾರದ ಪಟ್ಟಿ ಪ್ರಕಟವಾದ ದಿನ ಕಚೇರಿಯ ಮುಂದೆ ಏನಾಗುತ್ತದೆಂದು ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಅದನ್ನೇ ಹತ್ತು ಪಾಲು ಹೆಚ್ಚಿಸಿ ಊಹಿಸಿಕೊಳ್ಳಿ, ಏಕೆಂದರೆ ಇಲ್ಲಿ ಪಟ್ಟಿಯಲ್ಲಿರುವುದು ಒಣಗಿದ ಮರಗಳ ಲೆಕ್ಕವಲ್ಲ, ಹಾಸಿಗೆ ಹಿಡಿದ ಮಕ್ಕಳದು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ೨೦೧೦ರ ಡಿಸೆಂಬರ್ ಕೊನೆಯಲ್ಲಿ, ಸತ್ತವರ ವಾರಸುದಾರರಿಗೂ ಪೂರ್ತಿ ಹಾಸಿಗೆ ಹಿಡಿದವರಿಗೂ ೫ ಲಕ್ಷ, ಇತರ ನ್ಯೂನತೆಯವರಿಗೆ ೩ ಲಕ್ಷ ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. ೨೦೧೧ರ ಏಪ್ರಿಲ್‌ನಲ್ಲಿ ಜಿನೀವಾದ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಎಂಡೋಸಲ್ಫಾನನ್ನು ಜಗತ್ತಿನಿಂದಲೇ ಹಂತಹಂತವಾಗಿ ತೆಗೆದುಹಾಕುವ ವಿಷಗಳ ಪಟ್ಟಿಗೆ ಸೇರಿಸಿತು. ಮೇ ೧೩ರಂದು ನಮ್ಮ ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. ಹಿರಿಯ ಸದಸ್ಯರ ಪ್ರಶ್ನೆಗೆ ಇದೇ ನೇರ ಉತ್ತರ. ೨೦೧೭ರ ಜನವರಿ ೧೦ರಂದು ಅದೇ ನ್ಯಾಯಾಲಯ, ಗುರುತಿಸಲಾದ ಎಲ್ಲ ಸಂತ್ರಸ್ತರಿಗೂ ಮೂರು ತಿಂಗಳೊಳಗೆ ತಲಾ ೫ ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ೨೦೨೨ರ ಮೇ ತಿಂಗಳಲ್ಲಿ ನ್ಯಾಯಾಲಯ ಲೆಕ್ಕ ನೋಡಿದಾಗ, ೩,೭೦೪ ಸಂತ್ರಸ್ತರಲ್ಲಿ ೮ ಮಂದಿಗೆ ಮಾತ್ರ ಆ ಹಣ ಮುಟ್ಟಿತ್ತು. ಆ ಎಂಟು ಮಂದಿ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿ ಬಾಗಿಲು ತಟ್ಟಿದವರು. ಆ ವರ್ಷದಿಂದೀಚೆಗೆ ವಿತರಣೆ ಚುರುಕಾಯಿತು.

ಹನ್ನೊಂದು ಪಂಚಾಯಿತಿಗಳು ಎಂದೆವಲ್ಲ. ಪಟ್ಟಿಯ ಗಡಿಯೂ ಮೊದಲಿಗೆ ಅಷ್ಟೇ. ಗಾಳಿಗೆ ಪಂಚಾಯಿತಿಯ ಗಡಿಕಲ್ಲು ಗೊತ್ತಿಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳ ಮಗುವಿಗೆ ತೊಂದರೆ ಇದ್ದರೆ ಆ ಮಗು ಒಳಗೋ ಹೊರಗೋ? ವೈದ್ಯಕೀಯ ಶಿಬಿರಗಳಲ್ಲಿ ಮೊದಲು ಗುರುತಿಸಿದವರ ಸಂಖ್ಯೆಗೂ ಕೊನೆಯ ಪಟ್ಟಿಯ ಸಂಖ್ಯೆಗೂ ಭಾರಿ ಅಂತರ ಬಂತು. ಇದೇ ಕಾರಣಕ್ಕೆ ೨೦೧೯ರ ಜನವರಿಯಲ್ಲಿ ತಾಯಂದಿರು ಮಕ್ಕಳನ್ನು ಕರೆದುಕೊಂಡು, ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿಗೆ ಪ್ರಯಾಣ ಮಾಡಿ, ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಉಪವಾಸ ಕೂರಬೇಕಾಯಿತು. ಪಟ್ಟಿಯಲ್ಲಿ ಹೆಸರು ಬಂದವನು ನೆರೆಯವನ ಕಣ್ಣಿನಲ್ಲಿ ಹಣ ಪಡೆದವನಾದ. ಬಾರದವನು ಸುಳ್ಳು ಹೇಳಿದವನಾದ. ಇಬ್ಬರ ಮನೆಯಲ್ಲೂ ಮಗು ಹಾಸಿಗೆಯಲ್ಲಿಯೇ ಇದೆ.

ನಮ್ಮ ರಾಜ್ಯದ ಕಡೆಗೂ ನೋಡೋಣ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಮುತ್ತ ಕರ್ನಾಟಕದ ಗೇರು ಅಭಿವೃದ್ಧಿ ನಿಗಮದ ತೋಟಗಳಿವೆ. ಅಲ್ಲಿಯೂ ಹೆಲಿಕಾಪ್ಟರಿನಿಂದ ಇದೇ ವಿಷ ಸಿಂಪಡಿಸಲಾಯಿತು, ಇಂಥದೇ ತೊಂದರೆಗಳು ಕಂಡವು. ೨೦೧೧ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಎಂಡೋಸಲ್ಫಾನ್ ಬಳಕೆಯನ್ನು ತಡೆಯಿತು. ಉಚ್ಚ ನ್ಯಾಯಾಲಯದ ಮೇಲ್ವಿಚಾರಣೆ ಬಂದ ಮೇಲೆ, ಅಂಗವಿಕಲತೆಯ ಶೇಕಡಾವಾರು ಪ್ರಮಾಣ ನೋಡಿ ಮಾಸಾಶನ ಕೊಡುವ ಕ್ರಮ ಬಂತು. ಕೊಕ್ಕಡದಲ್ಲೂ ಕೊಯಿಲದಲ್ಲೂ ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಪಾಲನಾ ಕೇಂದ್ರಗಳು ತೆರೆದವು. ಒಂದೇ ವಿಷ, ಎರಡು ರಾಜ್ಯ, ಎರಡು ಲೆಕ್ಕ. ಗಡಿಯ ಆ ಕಡೆ ಹೆಣ್ಣು ಕೊಟ್ಟು ಈ ಕಡೆಯಿಂದ ತಂದುಕೊಳ್ಳುವ ಕುಟುಂಬಗಳಲ್ಲಿ ಅಣ್ಣನ ಮಗುವಿಗೆ ಒಂದು ನಿಯಮ, ತಂಗಿಯ ಮಗುವಿಗೆ ಇನ್ನೊಂದು ನಿಯಮವಾಯಿತು. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರು. ೨೦೨೦ರ ಮಾರ್ಚ್‌ನಲ್ಲಿ ಕೋವಿಡ್ ಕಾರಣ ನಮ್ಮ ಸರ್ಕಾರ ಗಡಿ ಮುಚ್ಚಿದಾಗ ಆ ದಾರಿಯೂ ಕೆಲಕಾಲ ಕಟ್ಟಿಹೋಯಿತು.

ಸಂಬಂಧ, ಸಾಲ, ವಯಸ್ಸು

ಮನೆಯೊಳಗೆ ಏನಾಯಿತು ಎಂಬುದನ್ನು ಅಂಕಿ ಅಂಶಗಳಲ್ಲಿ ಹೇಳುವುದು ಕಷ್ಟ. ಆದರೂ ಕೆಲವು ಸಂಗತಿಗಳು ಎಲ್ಲರಿಗೂ ತಿಳಿದವು.

ಮೊದಲನೆಯದು ಮದುವೆ. ಊರಿನ ಹೆಸರು ಕೇಳಿದೊಡನೆ ಸಂಬಂಧ ಹಿಂದಕ್ಕೆ ಹೋಗತೊಡಗಿತು. ಎಣ್ಮಕಜೆ ಪಂಚಾಯಿತಿಯಲ್ಲಿ ಸ್ವರ್ಗ ಎಂಬ ಹೆಸರಿನ ಊರೇ ಇದೆ; ಆ ಹೆಸರಿಗೂ ಹೆದರುವಂತಾಯಿತು. ರೋಗವಿಲ್ಲದ ಮನೆಯ ಆರೋಗ್ಯವಂತ ಹುಡುಗಿಯೂ ಊರಿನ ದೆಸೆಯಿಂದ ಉಳಿದಳು. ಆದುದರಿಂದ ಕೆಲವರು ತೊಂದರೆಯನ್ನು ಮುಚ್ಚಿಟ್ಟರು. ಮುಚ್ಚಿಟ್ಟವರು ಪಟ್ಟಿಗೆ ಬರಲಿಲ್ಲ. ಪತ್ರಿಕೆಗೆ ಮಾತನಾಡಿದವನು ಊರಿನ ಮಾನ ಕಳೆದವನೆನಿಸಿದ. ಮಿನಮಾಟದಲ್ಲೂ ಹೀಗೆಯೇ ಆಗಿತ್ತು ಎಂಬುದನ್ನು ನೆನೆಯಬೇಕು.

ಎರಡನೆಯದು ಸಾಲ. ಸಹಕಾರ ಸಂಘದ ಕಾರ್ಯದರ್ಶಿಯಾಗಿ ನಮಗೆ ಇದು ಬೇಗ ಅರ್ಥವಾಗುತ್ತದೆ. ತೋಟದ ಸಾಲ ತೋಟದಿಂದ ತೀರುತ್ತದೆ, ಏಕೆಂದರೆ ಆ ಹಣ ಗೊಬ್ಬರವಾಗಿ, ಸಸಿಯಾಗಿ ಮರಳಿ ಫಲ ಕೊಡುತ್ತದೆ. ಆಸ್ಪತ್ರೆಯ ಸಾಲಕ್ಕೆ ಫಲವಿಲ್ಲ. ವರ್ಷವರ್ಷವೂ ಅದು ಬೆಳೆಯುತ್ತದೆ. ಮಗುವನ್ನು ಬಿಟ್ಟು ಹೊರಗೆ ಹೋಗಲಾಗದ ತಾಯಿಯ ದುಡಿಮೆ ನಿಂತಿರುತ್ತದೆ, ಒಬ್ಬರ ಸಂಪಾದನೆಯಲ್ಲಿ ಮನೆ ನಡೆಯಬೇಕು. ಜಪ್ತಿ ನೋಟೀಸುಗಳು ಬರತೊಡಗಿದ ಮೇಲೆ ಕೇರಳ ಸರ್ಕಾರ ಸಂತ್ರಸ್ತ ಕುಟುಂಬಗಳ ಸಾಲ ವಸೂಲಿಗೆ ತಡೆ ಕೊಟ್ಟು, ಮುಂದೆ ಒಂದು ಮಿತಿಯವರೆಗೆ ಮನ್ನಾ ಮಾಡಿತು. ಸಂಘಗಳು ಆ ಅವಧಿಯಲ್ಲಿ ಕಳೆದುಕೊಂಡದ್ದು ಬಡ್ಡಿಯೊಂದನ್ನೇ ಅಲ್ಲ. ಸಭೆಗೆ ಬರುತ್ತಿದ್ದವರು ಬಾಕಿದಾರರಾಗಿ ಮುಖ ತಪ್ಪಿಸತೊಡಗಿದರೆ ಸಂಘಕ್ಕೆ ಆಗುವ ನಷ್ಟ ಲೆಡ್ಜರಿನಲ್ಲಿ ಕಾಣುವುದಿಲ್ಲ.

ಮೂರನೆಯದು, ನಮ್ಮ ಮನಸ್ಸಿಗೆ ಬಹಳ ತಟ್ಟಿದ್ದು, ವಯಸ್ಸು. ೧೯೮೫ರಲ್ಲಿ ಹುಟ್ಟಿದ ಮಗುವಿಗೆ ಈಗ ನಲವತ್ತು ದಾಟಿರುತ್ತದೆ. ಇನ್ನೂ ತಾಯಿಯೇ ಉಣ್ಣಿಸಬೇಕು, ತಾಯಿಯೇ ಮಗ್ಗುಲು ಬದಲಿಸಬೇಕು. ಆ ತಾಯಿಗೆ ಅರುವತ್ತೈದು, ಎಪ್ಪತ್ತು. ಮಕ್ಕಳಿಗಾಗಿ ಪಂಚಾಯಿತಿಗಳಲ್ಲಿ ಬಡ್ಸ್ ಎಂಬ ವಿಶೇಷ ಶಾಲೆಗಳನ್ನು ತೆರೆದದ್ದು ಮೆಚ್ಚತಕ್ಕ ಕೆಲಸ, ಆದರೆ ಶಾಲೆ 'ಮಕ್ಕಳಿಗೆ'. ನಮ್ಮ ನಂತರ ಇವರನ್ನು ನೋಡುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಕಾಣದೆ ದಾರುಣ ನಿರ್ಧಾರ ಮಾಡಿದ ಕುಟುಂಬಗಳ ಸುದ್ದಿ ಗಡಿಯ ಎರಡೂ ಕಡೆಯಿಂದ ಬಂದಿದೆ. ಐದು ಲಕ್ಷವಾಗಲಿ, ಮಾಸಾಶನವಾಗಲಿ ಈ ಪ್ರಶ್ನೆಗೆ ಉತ್ತರವಲ್ಲ. ಶಾಶ್ವತ ಪಾಲನಾ ಗೃಹ ಬೇಕೆಂದು ಅಲ್ಲಿನವರು ಕೇಳುತ್ತ ಬಂದಿರುವುದು ಇದಕ್ಕಾಗಿಯೇ.

ವಿಷವೂ ಪೂರ್ತಿ ಹೋಗಿಲ್ಲ. ನಿಷೇಧದ ನಂತರ ನಿಗಮದ ಉಗ್ರಾಣಗಳಲ್ಲಿ ಉಳಿದ ದಾಸ್ತಾನನ್ನು ಏನು ಮಾಡುವುದೆಂಬುದೇ ವರ್ಷಗಟ್ಟಲೆ ಸಮಸ್ಯೆಯಾಯಿತು. ಗಡಿಯ ಮಿಂಚಿನಪದವಿನ ತೋಟದ ಬಾವಿಯೊಂದಕ್ಕೆ ಹಿಂದೆ ವಿಷ ಸುರಿಯಲಾಗಿದೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದು, ಮಣ್ಣು ನೀರಿನ ಪರೀಕ್ಷೆ ನಡೆಯಿತು. ಸಿಂಪರಣೆ ನಿಂತು ಇಪ್ಪತ್ತು ವರ್ಷಗಳಾದ ಮೇಲೂ ಬಾವಿಯ ನೀರು ಕುಡಿಯಬಹುದೇ ಎಂದು ಕೇಳಬೇಕಾದ ಸ್ಥಿತಿ.

ನಮ್ಮ ಸೀಮೆಗೆ ಸಂಬಂಧಿಸಿದಂತೆ

ಇದು ದೂರದ ಕಥೆಯೆಂದು ಯಾರಾದರೂ ಅಂದುಕೊಂಡರೆ, ಚಿಕ್ಕನಾಯಕನಹಳ್ಳಿ, ಗುಬ್ಬಿ ಕಡೆಯ ಅದಿರು ಲಾರಿಗಳ ಕಾಲವನ್ನು ನೆನಪಿಸಿಕೊಳ್ಳಲಿ. ರಸ್ತೆ ಬದಿಯ ತೆಂಗು, ಅಡಿಕೆಯ ಗರಿಗಳ ಮೇಲೆ ಕೆಂಧೂಳು ಕೂತಿರುತ್ತಿತ್ತು. ಧೂಳು ತಿಂದವನೂ, ಸಾಲ ಮಾಡಿ ಲಾರಿ ಬಿಟ್ಟವನೂ ಒಂದೇ ಊರಿನವರು, ಎಷ್ಟೋ ಸಲ ದಾಯಾದಿಗಳು. ೨೦೧೧ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಳನ್ನು ನಿಲ್ಲಿಸಿದಾಗ ಒಬ್ಬನ ಮನೆಯಲ್ಲಿ ಸಮಾಧಾನ, ಇನ್ನೊಬ್ಬನ ಮನೆಯಲ್ಲಿ ಕಂತಿನ ಚಿಂತೆ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಕೂಡಿಟ್ಟ ಹಣದಲ್ಲಿ ಯಾವ ಊರು ಬಾಧಿತ, ಯಾವುದು ಅಲ್ಲ ಎಂಬ ಲೆಕ್ಕ ಇಲ್ಲಿಯೂ ಬಂತು. (ಹೇಮಾವತಿ ನೀರಿನ ಕಾಲುವೆಯ ವಿಚಾರದಲ್ಲಿ ಗುಬ್ಬಿಯ ಸದಸ್ಯರೂ ಕುಣಿಗಲ್ಲಿನ ಸದಸ್ಯರೂ ಸಭೆಯಲ್ಲಿ ಬೇರೆ ಬೇರೆ ಬೆಂಚಿನಲ್ಲಿ ಕೂರುವಂತಾದದ್ದನ್ನು ಇಲ್ಲಿ ಎತ್ತಬಾರದೆಂದಿದ್ದೆವು. ಎತ್ತಿದ್ದೇವೆ, ಇಷ್ಟಕ್ಕೇ ಬಿಡುತ್ತೇವೆ.)

ಕೀಟನಾಶಕದ ವಿಷಯಕ್ಕೇ ಮರಳುವುದಾದರೆ, ಹೆಲಿಕಾಪ್ಟರ್ ಹೋಯಿತು, ಡ್ರೋನ್ ಬಂದಿದೆ. ಬಾಡಿಗೆಗೆ ಡ್ರೋನ್ ತಂದು ಔಷಧಿ ಹೊಡೆಸುವುದು ನಮ್ಮ ಜಿಲ್ಲೆಯಲ್ಲೂ ಶುರುವಾಗಿದೆ. ಎತ್ತರದ ಅಡಿಕೆ, ತೆಂಗಿಗೆ ಅದು ಅನುಕೂಲವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ; ಮರ ಏರುವ ಆಳುಗಳು ಸಿಗುತ್ತಿಲ್ಲ. ಆದರೆ ಆಕಾಶದಿಂದ ಸಿಂಪಡಿಸುವುದಕ್ಕೆ ೧೯೭೧ರ ಕೀಟನಾಶಕ ನಿಯಮಗಳಲ್ಲಿಯೇ ಕಟ್ಟಳೆ ಇದೆ ಎಂಬುದು ಬಹಳ ಮಂದಿಗೆ ತಿಳಿಯದು. ಕನಿಷ್ಠ ೨೪ ಗಂಟೆ ಮುಂಚಿತವಾಗಿ ಸಂಬಂಧಪಟ್ಟ ಅಧಿಕಾರಿಗಳ ಮೂಲಕ ಸಾರ್ವಜನಿಕರಿಗೆ ತಿಳಿಸಬೇಕು, ಸಿಂಪಡಿಸುವ ಪ್ರದೇಶವನ್ನು ಗುರುತಿಸಬೇಕು, ಕೆಲಸಕ್ಕೆ ಸಂಬಂಧಿಸದ ಜನ ಜಾನುವಾರುಗಳು ಗೊತ್ತಾದ ಅವಧಿಯವರೆಗೆ ಒಳಗೆ ಬಾರದಂತೆ ನೋಡಿಕೊಳ್ಳಬೇಕು. ಒಪ್ಪಿಗೆ ಪಡೆದ ಔಷಧಿಯನ್ನು, ಒಪ್ಪಿಗೆ ಪಡೆದ ಪ್ರಮಾಣ ಮತ್ತು ಎತ್ತರದಲ್ಲಿಯೇ ಹೊಡೆಯಬೇಕು. ಕಾಸರಗೋಡಿನ ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಹಾರುತ್ತಿದ್ದಾಗಲೂ ಈ ನಿಯಮ ಪುಸ್ತಕದಲ್ಲಿತ್ತು.

ಇನ್ನು ತೋಟದ ಮನೆಯ ಅಟ್ಟದ ಮೇಲಿನ ಹಳೆಯ ಡಬ್ಬಿಗಳು. ಬೇರುಹುಳಕ್ಕೆ ಹಾಕುತ್ತಿದ್ದ ಫೋರೇಟ್ ೨೦೨೦ರ ಕೊನೆಗೆ ನಿಷೇಧವಾಯಿತು. ನುಸಿಗೆ ಬಳಸುತ್ತಿದ್ದ ಡೈಕೋಫಾಲ್ ೨೦೨೩ರಲ್ಲಿ ನಿಷೇಧವಾಯಿತು. ಇವು ಉಳಿದಿದ್ದರೆ ಬಳಸಬಾರದು. ಕೆರೆಗಾಗಲಿ, ಪಾಳುಬಾವಿಗಾಗಲಿ ಸುರಿಯಲೇಬಾರದು. ಹೊಸದಾಗಿ ಕೊಳ್ಳುವಾಗ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ: ಕೆಂಪು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು ಎಂದು ಇಳಿಯುತ್ತದೆ. ಬ್ಯಾಚ್ ನಂಬರು ಬರೆದ ಬಿಲ್ಲನ್ನು ಕೇಳಿ ಪಡೆಯಿರಿ.

ಆಡಳಿತ ಮಂಡಳಿಯ ಒಪ್ಪಿಗೆಯೊಂದಿಗೆ ಗುಬ್ಬಿ ಮತ್ತು ಕುಣಿಗಲ್ ಶಾಖೆಗಳಲ್ಲಿ ಒಂದೊಂದು ಸಿಂಪರಣೆ ಪುಸ್ತಕ ಇಡುತ್ತಿದ್ದೇವೆ. ಯಾವ ದಿನ, ಯಾವ ಸರ್ವೆ ನಂಬರು, ಯಾವ ಔಷಧಿ, ಎಷ್ಟು, ಹೊಡೆದ ಆಳು ಯಾರು, ಅಕ್ಕಪಕ್ಕದವರಿಗೆ ತಿಳಿಸಿದ್ದು ಯಾವಾಗ ಎಂಬ ಆರು ಕಲಮುಗಳಿವೆ. ಹೊಡೆದ ಆಳಿಗೆ ಆಮೇಲೆ ತಲೆಸುತ್ತು, ವಾಂತಿ ಬಂದಿದ್ದರೆ ಅದನ್ನೂ ಕೊನೆಯ ಸಾಲಿನಲ್ಲಿ ಬರೆಯಬೇಕು. ಸದಸ್ಯರಲ್ಲದವರೂ ಬರೆಸಬಹುದು, ಶುಲ್ಕವಿಲ್ಲ. ಮನೆಯಲ್ಲಿ ಉಳಿದಿರುವ ನಿಷೇಧಿತ ಡಬ್ಬಿಗಳ ಹೆಸರು ಮತ್ತು ಪ್ರಮಾಣವನ್ನು ಇದೇ ಪುಸ್ತಕದ ಹಿಂಬದಿಯಲ್ಲಿ ಬರೆಸಿದರೆ, ಪಟ್ಟಿಯನ್ನು ಒಟ್ಟಿಗೆ ಕೃಷಿ ಇಲಾಖೆಗೆ ಕಳಿಸಿ ವಿಲೇವಾರಿಗೆ ಕೇಳುತ್ತೇವೆ. ಡಬ್ಬಿಗಳನ್ನು ಕಚೇರಿಗೆ ತರುವುದು ಬೇಡ.